ಕೆಪ್ಲರನ ಚಂದ್ರಲೋಕ: ಕಲ್ಪಿತ ಜಗತ್ತಿನ ಸಂಭಾವ್ಯತೆಯ ಪ್ರಶ್ನೆ

ವೈಜ್ಞಾನಿಕ ಕಥೆಗಳನ್ನು ಕುರಿತ ಚರ್ಚೆಗಳಲ್ಲಿ ಒಂದು ಅಳತೆಗೋಲು ಪದೇ ಪದೇ ಬಳಕೆಯಾಗುವುದನ್ನು ಕಾಣುತ್ತೇವೆ. ಕಥೆಗಾರನು ಊಹಿಸಿದ ಸಂಗತಿಗಳಲ್ಲಿ ಎಷ್ಟು ಮುಂದೆ ನಿಜವಾದವು ಎಂಬುದೇ ಆ ಅಳತೆಗೋಲು. ಸಾಹಿತ್ಯ ವಿಮರ್ಶೆಗಿಂತ ಫಲಜ್ಯೋತಿಷ್ಯಕ್ಕೆ ಹೆಚ್ಚು ಒಪ್ಪುವ ಮಾನದಂಡವಿದು. ಆರಂಭದಲ್ಲಿ ಒಪ್ಪಿಕೊಂಡ ಕೆಲವು ನಿಯಮಗಳಿಗೆ ಆ ಲೋಕದ ಹಗಲು ರಾತ್ರಿ, ಗಾಳಿ ನೀರು, ಜೀವಿಗಳ ದೇಹಪ್ರಕೃತಿ ಇವೆಲ್ಲವೂ ಬದ್ಧವಾಗಿ ನಡೆದುಕೊಂಡಾಗ ಮಾತ್ರ ಕಲ್ಪಿತ ಲೋಕವೊಂದು ಓದುಗನ ಸಮ್ಮತಿಯನ್ನು ಪಡೆಯುತ್ತದೆ. ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಔಚಿತ್ಯದ ಪ್ರಶ್ನೆ. ಕ್ಷೇಮೇಂದ್ರನು ಔಚಿತ್ಯದ ಸ್ಥಾನಗಳನ್ನು ಎಣಿಸುವಾಗ ಪದ, ವಾಕ್ಯಗಳ ಜೊತೆಗೆ ದೇಶ, ಕಾಲಗಳನ್ನೂ ಸೇರಿಸಿದ್ದಾನೆ. ವೈಜ್ಞಾನಿಕ ಕಥೆಯಲ್ಲಿ ದೇಶಕಾಲಗಳೇ ಹೊಸದಾಗಿ ನಿರ್ಮಾಣಗೊಳ್ಳಬೇಕಾದ್ದರಿಂದ ಅಲ್ಲಿ ಔಚಿತ್ಯದ ಹೊಣೆ ಇನ್ನಷ್ಟು ಭಾರವಾಗುತ್ತದೆ.

ಈ ಹೊಣೆಯನ್ನು ಪೂರ್ಣಪ್ರಜ್ಞೆಯಿಂದ ಹೊತ್ತ ಮೊದಲಿಗರಲ್ಲಿ ಜರ್ಮನಿಯ ಖಗೋಳವಿಜ್ಞಾನಿ ಯೋಹಾನ್ನೆಸ್ ಕೆಪ್ಲರ್ ಪ್ರಮುಖನು. ಗ್ರಹಚಲನೆಯ ಮೂರು ನಿಯಮಗಳ ಮೂಲಕ ಪಠ್ಯಪುಸ್ತಕಗಳಲ್ಲಿ ಪರಿಚಿತನಾದ ಈತನು ಲ್ಯಾಟಿನ್ ಭಾಷೆಯಲ್ಲಿ ‘ಸೋಮ್ನಿಯಮ್’, ಅಂದರೆ ‘ಕನಸು’, ಎಂಬ ಕಥೆಯೊಂದನ್ನು ಬರೆದಿದ್ದನೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಚಂದ್ರನಿಗೆ ಮನುಷ್ಯನನ್ನು ಕಳಿಸಿದ ಕಥೆ ಇದಕ್ಕೂ ಮೊದಲಿತ್ತು. ಕ್ರಿ.ಶ. ೨ನೆಯ ಶತಮಾನದ ಲೂಸಿಯನ್ ತನ್ನ ನಾವಿಕರನ್ನು ಸುಂಟರಗಾಳಿಯಿಂದ ಚಂದ್ರಲೋಕಕ್ಕೆ ಎತ್ತಿಸಿದ್ದನು. ಆದರೆ ಲೂಸಿಯನ್ನನಿಗೆ ವಿಡಂಬನೆ ಮುಖ್ಯವಾಗಿತ್ತು. ಅವನ ಚಂದ್ರನಲ್ಲಿ ಏನು ಬೇಕಾದರೂ ನಡೆಯಬಹುದಿತ್ತು. ಕೆಪ್ಲರನ ಚಂದ್ರನಲ್ಲಿ ಹಾಗಿಲ್ಲ. ಅಲ್ಲಿ ಲೆಕ್ಕಕ್ಕೆ ಸಿಗದ ಸಂಗತಿಗಳು ತೀರ ಕಡಿಮೆ. ಈ ಕೃತಿಯ ಬೀಜ ಅವನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಬಿದ್ದಿತ್ತು. ಪುಸ್ತಕ ಹೊರಬಂದದ್ದು ಅವನು ತೀರಿಕೊಂಡ ಬಳಿಕ. ಆದ್ದರಿಂದ ಅವನ ಜೀವನವನ್ನು ಈ ಕೃತಿಯ ಜೀವನದೊಂದಿಗೇ ಪರಿಶೀಲಿಸುವುದು ಉಚಿತ.

ಕೆಪ್ಲರ್ ಹುಟ್ಟಿದ್ದು ೧೫೭೧ರ ಡಿಸೆಂಬರ್ ೨೭ರಂದು, ವುರ್ಟೆಂಬರ್ಗ್ ಪ್ರಾಂತದ ನಡುವಿದ್ದ ವೈಲ್ ಡೆರ್ ಸ್ಟಾಟ್ ಎಂಬ ಚಿಕ್ಕ ಪಟ್ಟಣದಲ್ಲಿ. ತಂದೆ ಹೈನ್ರಿಖ್ ಕೂಲಿಗಾಗಿ ಕಾದುವ ಸೈನಿಕ. ಪದೇ ಪದೇ ಮನೆ ಬಿಟ್ಟು ಹೋಗುತ್ತಿದ್ದವನು ಕಡೆಗೊಮ್ಮೆ ಮರಳಲೇ ಇಲ್ಲ. ತಾಯಿ ಕ್ಯಾಥರೀನಾ ಗಿಡಮೂಲಿಕೆಗಳನ್ನು ಬಲ್ಲವಳು. ಬಾಲ್ಯದಲ್ಲಿ ಬಂದ ಸಿಡುಬು ಹುಡುಗನ ದೃಷ್ಟಿಯನ್ನು ಮಂದಗೊಳಿಸಿತು. ಆಕಾಶವನ್ನು ನೋಡುವುದನ್ನೇ ವೃತ್ತಿಯಾಗಿಸಿಕೊಂಡವನಿಗೆ ಒದಗಿದ ಈ ನ್ಯೂನತೆಯನ್ನು ವಿಧಿಯ ವ್ಯಂಗ್ಯವೆಂದು ಜೀವನಚರಿತ್ರಕಾರರು ವರ್ಣಿಸುವುದುಂಟು. ಆದರೆ ನೋಡಿದ್ದಕ್ಕಿಂತ ನೋಡಿದ್ದರಿಂದ ತರ್ಕಿಸಿ ಪಡೆದದ್ದನ್ನು ಹೆಚ್ಚು ನಂಬುವ ಅವನ ಸ್ವಭಾವಕ್ಕೆ ಇದೂ ಒಂದು ಕಾರಣವಾಗಿರಬಹುದು. ೧೫೭೭ರ ಮಹಾಧೂಮಕೇತುವನ್ನು ಅವನಿಗೆ ಎತ್ತರದ ಜಾಗಕ್ಕೆ ಕರೆದೊಯ್ದು ತೋರಿಸಿದವಳು ತಾಯಿ. ಮುಂದೆ ಅವಳೇ ಅವನ ಕಥೆಯೊಳಗೆ ಬೇರೊಂದು ಹೆಸರಿನಿಂದ ಬರುತ್ತಾಳೆ.

೧೫೮೯ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವನ್ನು ಸೇರಿದ ಕೆಪ್ಲರನಿಗೆ ಗುರುವಾಗಿ ದೊರೆತವನು ಮಿಖಾಯೆಲ್ ಮೆಸ್ಟ್ಲಿನ್. ಭೂಮಿ ಸೂರ್ಯನ ಸುತ್ತ ತಿರುಗುತ್ತದೆಂಬ ಕೊಪರ್ನಿಕಸನ ಸಿದ್ಧಾಂತವನ್ನು ಶಿಷ್ಯನಿಗೆ ಪರಿಚಯಿಸಿದವನು ಇವನೇ. ಆ ಸಿದ್ಧಾಂತಕ್ಕೆ ಎದುರಾಗಿದ್ದ ಆಕ್ಷೇಪಗಳಲ್ಲಿ ಸಾಮಾನ್ಯ ಜನರಿಗೂ ಅರ್ಥವಾಗುವಂಥದೆಂದರೆ, ಭೂಮಿ ಚಲಿಸುತ್ತಿದ್ದರೆ ನಮಗೇಕೆ ಅದರ ಅನುಭವವಾಗುವುದಿಲ್ಲ ಎಂಬುದು. ಇದಕ್ಕೆ ಉತ್ತರವಾಗಿ ೧೫೯೩ರಲ್ಲಿ ಕೆಪ್ಲರ್ ಒಂದು ಪ್ರಬಂಧವನ್ನು ಸಿದ್ಧಪಡಿಸಿದನು. ಚಂದ್ರನ ಮೇಲೆ ನಿಂತವನಿಗೆ ಆಕಾಶ ಹೇಗೆ ಕಂಡೀತು ಎಂಬುದು ಅದರ ವಿಷಯ. ಚಂದ್ರನು ಚಲಿಸುತ್ತಾನೆಂಬುದನ್ನು ಎರಡೂ ಪಕ್ಷದವರು ಒಪ್ಪುತ್ತಿದ್ದರು. ಹಾಗಿದ್ದೂ ಅಲ್ಲಿನ ನಿವಾಸಿಗೆ ತನ್ನ ನೆಲ ನಿಶ್ಚಲವಾಗಿಯೂ ಭೂಮಿ ಮೊದಲಾದವು ಚಲಿಸುವಂತೆಯೂ ಕಂಡರೆ, ಅನುಭವದ ಸಾಕ್ಷ್ಯವೊಂದನ್ನೇ ನೆಚ್ಚಿ ನಿಂತ ಆಕ್ಷೇಪ ಕುಸಿಯುತ್ತದೆ. ಪ್ರಬಂಧದ ಮಂಡನೆಗೆ ಸಂಬಂಧಪಟ್ಟ ಪ್ರಾಧ್ಯಾಪಕನು ಅವಕಾಶ ಕೊಡಲಿಲ್ಲ. ಅಲ್ಲಿಗೆ ಬರಹ ಮೂಲೆ ಸೇರಿತು.

ಮುಂದಿನ ಹದಿನೈದು ವರ್ಷಗಳ ವೃತ್ತಾಂತ ಸುಪರಿಚಿತವಾದ್ದರಿಂದ ಇಲ್ಲಿ ಸಂಕ್ಷೇಪವೇ ಸಾಕು. ೧೫೯೪ರಲ್ಲಿ ಗ್ರಾಟ್ಸ್ ನಗರದಲ್ಲಿ ಗಣಿತದ ಅಧ್ಯಾಪಕತ್ವ. ೧೬೦೦ರಲ್ಲಿ ಮತೀಯ ಕಾರಣಗಳಿಂದ ಅಲ್ಲಿಂದ ಉಚ್ಚಾಟನೆ. ಪ್ರಾಗ್‌ನಲ್ಲಿ ಡೆನ್ಮಾರ್ಕಿನ ಟೈಕೋ ಬ್ರಾಹೆಯ ಸಹಾಯಕತ್ವ. ೧೬೦೧ರಲ್ಲಿ ಟೈಕೋ ತೀರಿಕೊಂಡಾಗ ಎರಡನೆಯ ರುಡಾಲ್ಫ್ ಚಕ್ರವರ್ತಿಯ ಆಸ್ಥಾನ ಗಣಿತಜ್ಞನ ಪದವಿ. ೧೬೦೯ರಲ್ಲಿ ಪ್ರಕಟವಾದ ‘ಆಸ್ಟ್ರೊನೋಮಿಯಾ ನೋವಾ’ದಲ್ಲಿ ಗ್ರಹಚಲನೆಯ ಮೊದಲೆರಡು ನಿಯಮಗಳಿವೆ. ನಮ್ಮ ಪ್ರಸ್ತುತ ವಿಷಯಕ್ಕೆ ಆ ಗ್ರಂಥದ ಪ್ರಸ್ತಾವನೆಯೂ ಮುಖ್ಯ. ಎರಡು ಕಾಯಗಳು ಪರಸ್ಪರ ಆಕರ್ಷಿಸುತ್ತವೆಂದೂ, ತಡೆಯಿಲ್ಲದಿದ್ದರೆ ಭೂಮಿ ಮತ್ತು ಚಂದ್ರ ತಮ್ಮ ನಡುವಿನ ದೂರವನ್ನು ೫೪ ಪಾಲು ಮಾಡಿ ಭೂಮಿ ಒಂದು ಪಾಲನ್ನೂ ಚಂದ್ರ ೫೩ ಪಾಲನ್ನೂ ಸಾಗಿ ಕೂಡುತ್ತವೆಂದೂ ಅಲ್ಲಿ ಅವನು ಹೇಳುತ್ತಾನೆ. ಎರಡರ ಸಾಂದ್ರತೆಯೂ ಸಮಾನವೆಂದು ಭಾವಿಸಿ ಮಾಡಿದ ಲೆಕ್ಕವಿದು. ಇಂದು ತಿಳಿದಿರುವಂತೆ ಭೂಮಿಯ ದ್ರವ್ಯರಾಶಿ ಚಂದ್ರನದರ ಸುಮಾರು ೮೧ ಪಟ್ಟು. ನ್ಯೂಟನ್ನನ ‘ಪ್ರಿನ್ಸಿಪಿಯಾ’ (೧೬೮೭) ಬರುವುದಕ್ಕೆ ಇನ್ನೂ ೭೮ ವರ್ಷಗಳಿದ್ದ ಕಾಲದಲ್ಲಿ ಹೀಗೆ ಯೋಚಿಸಿದ್ದೇ ಗಮನಾರ್ಹ.

ಅದೇ ೧೬೦೯ರ ಬೇಸಿಗೆಯಲ್ಲಿ ಮಿತ್ರನಾದ ವಾಕರ್ ಫಾನ್ ವಾಕನ್‌ಫೆಲ್ಸ್ ಎಂಬ ಆಸ್ಥಾನಿಕನೊಡನೆ ಚಂದ್ರನ ವಿಷಯವಾಗಿ ನಡೆದ ಮಾತುಕತೆ ಹಳೆಯ ಪ್ರಬಂಧವನ್ನು ನೆನಪಿಗೆ ತಂದಿತು. ಈ ಬಾರಿ ಅದು ಕಥೆಯ ರೂಪ ತಳೆಯಿತು. ಗೆಲಿಲಿಯೋ ದೂರದರ್ಶಕದಿಂದ ಚಂದ್ರನನ್ನು ನೋಡಿ ಬರೆದದ್ದು ಪ್ರಕಟವಾದದ್ದು ೧೬೧೦ರಲ್ಲಿ. ಕಥೆಯ ಮೊದಲ ರೂಪಕ್ಕೆ ಆಧಾರವಾದದ್ದು ಬರಿಗಣ್ಣು ಮತ್ತು ರೇಖಾಗಣಿತ ಮಾತ್ರ ಎಂಬುದನ್ನು ಮರೆಯಬಾರದು.

ಕಥೆಯ ಚೌಕಟ್ಟು ಹಲವು ಪದರಗಳುಳ್ಳದ್ದು. ನಿರೂಪಕನು ಕನಸಿನಲ್ಲಿ ಫ್ರಾಂಕ್‌ಫರ್ಟ್ ಜಾತ್ರೆಯಿಂದ ತಂದ ಪುಸ್ತಕವೊಂದನ್ನು ಓದುತ್ತಾನೆ. ಆ ಪುಸ್ತಕದಲ್ಲಿ ಐಸ್‌ಲೆಂಡಿನ ಡುರಾಕೋಟಸ್ ಎಂಬವನು ತನ್ನ ಕಥೆಯನ್ನು ಹೇಳುತ್ತಾನೆ. ಅವನ ತಾಯಿ ಫಿಯೋಲ್ಕ್ಸ್‌ಹಿಲ್ಡೆ ಗಿಡಮೂಲಿಕೆಗಳನ್ನು ಚೀಲಗಳಲ್ಲಿ ತುಂಬಿ ನಾವಿಕರಿಗೆ ಮಾರುವವಳು. ಕುತೂಹಲದಿಂದ ಚೀಲವೊಂದನ್ನು ಕತ್ತರಿಸಿದ ಮಗನನ್ನು ಅವಳು ಸಿಟ್ಟಿನ ಭರದಲ್ಲಿ ಹಡಗಿನವನಿಗೆ ಒಪ್ಪಿಸಿಬಿಡುತ್ತಾಳೆ. ಹುಡುಗನು ಟೈಕೋ ಬ್ರಾಹೆಯ ದ್ವೀಪವನ್ನು ತಲುಪಿ, ಖಗೋಳವನ್ನು ಕಲಿತು, ವರ್ಷಗಳ ಮೇಲೆ ಮನೆಗೆ ಮರಳುತ್ತಾನೆ. ಸಂತೋಷಗೊಂಡ ತಾಯಿ ತನಗೆ ಪರಿಚಿತವಾದ ಭೂತವೊಂದನ್ನು ಆವಾಹಿಸುತ್ತಾಳೆ. ಲೆವೇನಿಯಾ ಎಂಬ ಚಂದ್ರಲೋಕವನ್ನು ವರ್ಣಿಸುವುದು ಆ ಭೂತ.

ವಿಜ್ಞಾನಿಯ ಕಥೆಯಲ್ಲಿ ಭೂತವೇಕೆ ಎಂಬ ಪ್ರಶ್ನೆ ಸಹಜ. ಕೆಪ್ಲರನ ಕಾಲದ ಯಾವ ಯಂತ್ರವೂ ಚಂದ್ರನನ್ನು ಮುಟ್ಟಲಾರದು. ಅಸಾಧ್ಯವಾದ ಈ ಒಂದು ಕೆಲಸವನ್ನು ಅವನು ಭೂತಗಳಿಗೆ ವಹಿಸಿಕೊಟ್ಟು, ಉಳಿದುದನ್ನೆಲ್ಲ ನಿಯಮದ ಅಂಕೆಗೆ ತಂದನು. ಭೂತವೂ ನಿಯಮಕ್ಕೆ ಹೊರತಲ್ಲ. ಭೂತಗಳು ಸೂರ್ಯನ ಬೆಳಕನ್ನು ಸಹಿಸವು. ಆದ್ದರಿಂದ ಅವು ಭೂಮಿಯ ನೆರಳಿನ ಶಂಕುವಿನೊಳಗೇ ಸಂಚರಿಸಬೇಕು. ಆ ನೆರಳು ಚಂದ್ರನನ್ನು ಮುಟ್ಟುವುದು ಚಂದ್ರಗ್ರಹಣದಲ್ಲಿ ಮಾತ್ರ. ಆದ್ದರಿಂದ ಪ್ರಯಾಣ ಗ್ರಹಣದ ಅವಧಿಯೊಳಗೆ, ಹೆಚ್ಚೆಂದರೆ ನಾಲ್ಕು ಗಂಟೆಗಳಲ್ಲಿ, ಮುಗಿಯಬೇಕು. ದೂರ ೫೦,೦೦೦ ಜರ್ಮನ್ ಮೈಲಿ, ಅಂದರೆ ಸುಮಾರು ಮೂರು ಲಕ್ಷದ ಎಪ್ಪತ್ತು ಸಾವಿರ ಕಿಲೋಮೀಟರ್. ಇಂದು ನಾವು ಒಪ್ಪುವ ಸರಾಸರಿ ದೂರ ೩,೮೪,೪೦೦ ಕಿಲೋಮೀಟರ್. ಗಂಟೆಗೆ ತೊಂಬತ್ತು ಸಾವಿರ ಕಿಲೋಮೀಟರಿಗೂ ಮೀರಿದ ಈ ವೇಗ ಮನುಷ್ಯದೇಹವನ್ನು ಏನು ಮಾಡೀತು? ಆರಂಭದ ಹೊಡೆತ ಸಿಡಿಮದ್ದಿನ ಆಘಾತದಂತಿರುವುದರಿಂದ ಪ್ರಯಾಣಿಕನಿಗೆ ಮತ್ತು ಬರುವ ಮದ್ದು ಕೊಟ್ಟು, ಆಘಾತ ಎಲ್ಲ ಅವಯವಗಳಿಗೂ ಹಂಚಿಹೋಗುವಂತೆ ಮೈಕೈಗಳನ್ನು ಹೊಂದಿಸಲಾಗುತ್ತದೆ. ಮೇಲೆ ಚಳಿಯೂ ಉಸಿರಾಟದ ಕಷ್ಟವೂ ಎದುರಾಗುವುದರಿಂದ ಮೂಗಿಗೆ ಒದ್ದೆ ಸ್ಪಂಜನ್ನು ಹಿಡಿಯಲಾಗುತ್ತದೆ. ಭೂಮಿ ಮತ್ತು ಚಂದ್ರನ ಆಕರ್ಷಣೆಗಳು ಸರಿದೂಗುವ ಎಡೆಯಲ್ಲಿ ದೇಹ ಜೇಡದಂತೆ ಮುದುಡಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಚಂದ್ರನೇ ಎಳೆದುಕೊಳ್ಳುವುದರಿಂದ ಇಳಿಯುವಾಗ ವೇಗವನ್ನು ತಡೆಯಬೇಕಾಗುತ್ತದೆ. ಎರಡೂವರೆ ಶತಮಾನಗಳ ಬಳಿಕ, ೧೮೬೫ರಲ್ಲಿ, ಜೂಲ್ಸ್ ವರ್ನ್ ತನ್ನ ಪ್ರಯಾಣಿಕರನ್ನು ಫಿರಂಗಿಯಿಂದ ಹಾರಿಸಿ, ಒಳಗಿಟ್ಟ ನೀರಿನ ಮೆತ್ತೆಯಿಂದ ಅವರನ್ನು ಉಳಿಸಿದನು. ಆ ಆಘಾತಕ್ಕೆ ಅಂಥ ಮೆತ್ತೆ ಏನೇನೂ ಸಾಲದು. ಅದೇ ವರ್ನ್ ೧೯೦೩ರಲ್ಲಿ, ಗುರುತ್ವವನ್ನು ತಡೆಯುವ ವಸ್ತುವನ್ನು ಕಲ್ಪಿಸಿದ್ದಕ್ಕಾಗಿ ವೆಲ್ಸ್‌ನನ್ನು ಆಕ್ಷೇಪಿಸಿದ್ದುಂಟು. ಕೆಪ್ಲರನ ಕ್ರಮ ವೆಲ್ಸನದಕ್ಕೇ ಹತ್ತಿರವಾದದ್ದು: ಅಸಾಧ್ಯವಾದದ್ದನ್ನು ಒಂದು ಕಡೆ ಬಹಿರಂಗವಾಗಿ ಒಪ್ಪಿಕೊಂಡು, ಆಮೇಲೆ ಅದಕ್ಕೆ ವಿನಾಯಿತಿ ಕೊಡದಿರುವುದು.

ಲೆವೇನಿಯಾದ ನಿರ್ಮಾಣವೂ ಇದೇ ಬಗೆಯದು. ಚಂದ್ರನು ಯಾವಾಗಲೂ ಒಂದೇ ಮುಖವನ್ನು ಭೂಮಿಗೆ ತೋರುತ್ತಾನೆಂಬ ಸರ್ವವಿದಿತ ಸಂಗತಿಯಿಂದ ಆ ಲೋಕ ಎರಡಾಗಿ ಒಡೆಯುತ್ತದೆ. ಚಂದ್ರವಾಸಿಗಳು ಭೂಮಿಯನ್ನು ವೋಲ್ವಾ ಎನ್ನುತ್ತಾರೆ, ತಿರುಗುವಂಥದು ಎಂಬರ್ಥದಲ್ಲಿ. ವೋಲ್ವಾ ಕಾಣುವ ಅರ್ಧ ಸಬ್‌ವೋಲ್ವಾ, ಕಾಣದ ಅರ್ಧ ಪ್ರಿವೋಲ್ವಾ. ಸಬ್‌ವೋಲ್ವಾದವರಿಗೆ ಭೂಮಿ ಆಕಾಶದಲ್ಲಿ ಮೊಳೆ ಹೊಡೆದಂತೆ ಒಂದೇ ಕಡೆ ನಿಂತಿರುತ್ತದೆ; ಹಿಂದೆ ನಕ್ಷತ್ರಗಳು ಸರಿಯುತ್ತವೆ. ಅದರ ಬಿಂಬ ನಮ್ಮ ಚಂದ್ರಬಿಂಬದ ಹದಿನೈದು ಪಟ್ಟು ವಿಸ್ತಾರವಾದದ್ದೆಂದು ಕೆಪ್ಲರನ ಲೆಕ್ಕ. ನಿಜವಾದ ಪ್ರಮಾಣ ಹದಿಮೂರಕ್ಕಿಂತ ತುಸು ಹೆಚ್ಚು. ವೋಲ್ವಾದ ವೃದ್ಧಿಕ್ಷಯಗಳು ಅವರಿಗೆ ಪಂಚಾಂಗ. ಅದರ ಮೇಲಿನ ಕಲೆಗಳು, ಅಂದರೆ ನಮ್ಮ ಖಂಡಗಳು, ಸರಿದು ಮರಳುವುದು ಗಡಿಯಾರ. ಹಗಲು ನಮ್ಮ ಹದಿನಾಲ್ಕು ದಿನಗಳಷ್ಟು, ಇರುಳೂ ಅಷ್ಟೆ. ಸಬ್‌ವೋಲ್ವಾದ ನಟ್ಟನಡುವೆ ಮಧ್ಯಾಹ್ನಕ್ಕೆ ಭೂಮಿಯ ಅಮಾವಾಸ್ಯೆ, ಮಧ್ಯರಾತ್ರಿಗೆ ಭೂಮಿಯ ಹುಣ್ಣಿಮೆ. ಹಾಗಾಗಿ ಅಲ್ಲಿನ ಇರುಳು ಎಂದೂ ಪೂರ್ಣ ಕತ್ತಲಲ್ಲ. ಪ್ರಿವೋಲ್ವಾದವರಿಗೆ ಈ ಭಾಗ್ಯವಿಲ್ಲ. ನಮಗೆ ಚಂದ್ರಗ್ರಹಣವಾದಾಗ ಅವರಲ್ಲಿ ಸಬ್‌ವೋಲ್ವಾದವರಿಗೆ ಸೂರ್ಯಗ್ರಹಣ. ೧೯೬೯ರಿಂದ ೧೯೭೨ರವರೆಗೆ ಚಂದ್ರನ ಈ ಮುಖದ ಮೇಲೆ ಇಳಿದವರಿಗೆ ಭೂಮಿ ಬಾನಿನಲ್ಲಿ ಹೆಚ್ಚುಕಡಿಮೆ ನಿಂತಲ್ಲೇ ನಿಂತಂತೆ ಕಂಡಿತು. ಇದನ್ನು ಭವಿಷ್ಯವಾಣಿಯೆನ್ನುವುದು ಸಲ್ಲದು. ಕಂಡ ಸಂಗತಿಯನ್ನು ಇನ್ನೊಂದು ನೆಲೆಯಿಂದ ನೋಡಿದರೆ ಏನಾದೀತೆಂಬ ಗಣಿತದ ಫಲಿತವಿದು.

ಗಣಿತ ಮುಗಿದಲ್ಲಿ ಅನುಮಾನ ಆರಂಭವಾಗುತ್ತದೆ. ಹದಿನಾಲ್ಕು ದಿನಗಳ ಬಿಸಿಲು ಮತ್ತು ಅಷ್ಟೇ ದಿನಗಳ ಕತ್ತಲೆಯಿಂದ ಪ್ರಿವೋಲ್ವಾದಲ್ಲಿ ಸುಡುವ ತಾಪ, ಹೆಪ್ಪುಗಟ್ಟುವ ಶೈತ್ಯ. ಸೂರ್ಯನೂ ಭೂಮಿಯೂ ಒಂದೇ ಕಡೆ ಸೇರಿದಾಗ ಅಲ್ಲಿನ ನೀರೆಲ್ಲ ಸಬ್‌ವೋಲ್ವಾದತ್ತ ಸೆಳೆಯಲ್ಪಡುತ್ತದೆ. ನಮ್ಮ ಸಮುದ್ರದ ಉಬ್ಬರಕ್ಕೆ ಚಂದ್ರನ ಆಕರ್ಷಣೆ ಕಾರಣವೆಂದ ಕೆಪ್ಲರನು ಅದೇ ನಿಯಮವನ್ನು ಇಲ್ಲಿ ತಿರುಗಿಸಿ ಹೂಡಿದ್ದಾನೆ. ಇಂಥ ನೆಲದಲ್ಲಿ ಸ್ಥಿರವಾದ ಮನೆಮಠಗಳು ಸಾಧ್ಯವಿಲ್ಲ. ಆದ್ದರಿಂದ ಪ್ರಿವೋಲ್ವಾದ ಜೀವಿಗಳು ಗುಂಪುಗುಂಪಾಗಿ ಹಿಂಜರಿಯುವ ನೀರನ್ನು ಅರಸಿ ಅಲೆಯುತ್ತವೆ. ಕೆಲವು ಒಂಟೆಗಳನ್ನೂ ಮೀರಿಸುವ ಉದ್ದದ ಕಾಲುಗಳಿಂದ, ಕೆಲವು ರೆಕ್ಕೆಗಳಿಂದ, ಕೆಲವು ದೋಣಿಗಳಲ್ಲಿ. ನೀರಿನಾಳದಲ್ಲಿ ಮುಳುಗಿರುವವು ನಿಧಾನವಾಗಿ ಉಸಿರಾಡುತ್ತವೆ. ಚರ್ಮ ಸ್ಪಂಜಿನಂತೆ ರಂಧ್ರಮಯ. ಸರ್ಪಪ್ರಕೃತಿಯ ಜೀವಿಗಳು ಗವಿಗಳ ಬಾಯಲ್ಲಿ ಬಿಸಿಲು ಕಾಯಿಸಿಕೊಂಡು ಒಳಗೆ ಸರಿಯುತ್ತವೆ. ಜೀವಿಯ ದೇಹವನ್ನೂ ನಡೆಯನ್ನೂ ಅದರ ಪರಿಸರವೇ ನಿರ್ಧರಿಸುತ್ತದೆಂಬ ತತ್ತ್ವವನ್ನು ಇಷ್ಟು ಶಿಸ್ತಿನಿಂದ ಕಥೆಗೆ ಅಳವಡಿಸಿದ್ದು ಆ ಕಾಲಕ್ಕೆ ಅಪೂರ್ವ.

ಚಂದ್ರನಲ್ಲಿ ಉಸಿರಾಡುವ ಗಾಳಿಯಿಲ್ಲ, ಹರಿಯುವ ನೀರಿಲ್ಲ, ಜೀವಿಗಳಿಲ್ಲ. ಇಸ್ರೋ ಸಂಸ್ಥೆಯ ಚಂದ್ರಯಾನ-೧ ನೌಕೆ ಕೊಂಡೊಯ್ದಿದ್ದ ಉಪಕರಣ ಚಂದ್ರನ ಮೇಲ್ಮೈಯಲ್ಲಿ ಜಲಾಂಶದ ಕುರುಹುಗಳನ್ನು ಗುರುತಿಸಿದ್ದು ೨೦೦೯ರಲ್ಲಿ ಪ್ರಕಟವಾಯಿತು. ಅದರಿಂದ ಕೆಪ್ಲರನ ಸಮುದ್ರಗಳು ನಿಜವಾಗುವುದಿಲ್ಲ. ಅವು ಸುಳ್ಳಾದ ಮಾತ್ರಕ್ಕೆ ಕಥೆ ಕೆಡುವುದೂ ಇಲ್ಲ. ನೀರಿದೆ ಎಂದು ಒಪ್ಪಿದರೆ ಅದು ಹೇಗೆ ಹರಿಯಬೇಕು ಎಂಬಲ್ಲಿ ಅವನು ತಪ್ಪಿಲ್ಲ. ಕಥೆಯ ಸುಸಂಗತಿ ಮತ್ತು ಲೋಕದ ಸತ್ಯ ಇವೆರಡನ್ನೂ ಬೇರೆ ಬೇರೆಯಾಗಿ ತೂಗಬೇಕಾದ ಅಗತ್ಯ ಇಲ್ಲಿ ಸ್ಪಷ್ಟವಾಗುತ್ತದೆ.

ಆದರೆ ಕಥೆಯನ್ನು ಸತ್ಯವೆಂದೇ ಓದುವವರೂ ಇರುತ್ತಾರೆ. ೧೬೧೧ ಕೆಪ್ಲರನಿಗೆ ದುರ್ವರ್ಷ. ಮಗ ಫ್ರೀಡ್ರಿಖ್ ಸಿಡುಬಿಗೆ ಬಲಿಯಾದನು, ಪತ್ನಿ ಬಾರ್ಬರಾ ತೀರಿಕೊಂಡಳು, ಆಶ್ರಯದಾತನಾದ ರುಡಾಲ್ಫ್ ಬೊಹಿಮಿಯಾದ ಕಿರೀಟವನ್ನು ಕಳೆದುಕೊಂಡನು. ಅದೇ ವರ್ಷ ‘ಸೋಮ್ನಿಯಮ್’ನ ಹಸ್ತಪ್ರತಿಯೊಂದು ಪ್ರಾಗ್‌ನಿಂದ ಲೈಪ್ಸಿಗ್‌ಗೂ ಅಲ್ಲಿಂದ ಟ್ಯೂಬಿಂಗೆನ್ನಿಗೂ ಸಾಗಿತು. ಮರುವರ್ಷ ಅವನು ಲಿಂಟ್ಸ್‌ಗೆ ನೆಲೆ ಬದಲಾಯಿಸಿದನು. ೧೬೧೫ರಲ್ಲಿ ಅವನ ತಾಯಿಯ ಮೇಲೆ ಲಿಯೋನ್‌ಬರ್ಗ್ ಪಟ್ಟಣದ ಗಾಜುಗೆಲಸದವನೊಬ್ಬನ ಪತ್ನಿ ಮಾಟದ ಆರೋಪ ಹೊರಿಸಿದಳು. ಕ್ಯಾಥರೀನಾ ಕೊಟ್ಟ ಪಾನೀಯದಿಂದ ತನಗೆ ಕಾಯಿಲೆಯಾಯಿತೆಂಬುದು ಅವಳ ದೂರು. ೧೬೨೦ರ ಆಗಸ್ಟ್‌ನಲ್ಲಿ ಎಪ್ಪತ್ತು ದಾಟಿದ ಮುದುಕಿಯನ್ನು ಬಂಧಿಸಿ ಸಂಕೋಲೆ ತೊಡಿಸಲಾಯಿತು.

ಗಿಡಮೂಲಿಕೆ ಮಾರುವ ತಾಯಿ, ತಂದೆಯಿಲ್ಲದ ಮಗ, ಟೈಕೋನ ಶಿಷ್ಯತ್ವ, ಭೂತದ ಆವಾಹನೆ: ಕಥೆಯ ಹೊರಚೌಕಟ್ಟನ್ನು ಕೆಪ್ಲರನ ಬಾಳಿಗೆ ಹೋಲಿಸುವುದು ಯಾರಿಗೂ ಕಷ್ಟವಲ್ಲ. ಹಸ್ತಪ್ರತಿಯಲ್ಲಿದ್ದುದು ಕ್ಷೌರದಂಗಡಿಗಳ ಹರಟೆಗೆ ವಸ್ತುವಾಗಿ ತನ್ನ ಮನೆತನದ ಮೇಲೆ ಅಪವಾದವನ್ನು ತಂದಿತೆಂದು ಅವನೇ ಬಳಿಕ ಬರೆದನು. ಈ ಮಾತನ್ನಾಧರಿಸಿ ಕಥೆಯೇ ಮೊಕದ್ದಮೆಗೆ ಮೂಲವೆಂದು ಅನೇಕರು ಬರೆದಿದ್ದಾರೆ. ಮೊಕದ್ದಮೆಯ ಕಡತಗಳನ್ನು ಪರಿಶೀಲಿಸಿ ೨೦೧೫ರಲ್ಲಿ ಗ್ರಂಥ ಪ್ರಕಟಿಸಿದ ಇತಿಹಾಸಕಾರ್ತಿ ಉಲಿಂಕಾ ರುಬ್ಲಾಕ್ ಇದನ್ನು ಒಪ್ಪುವುದಿಲ್ಲ. ನೆರೆಹೊರೆಯ ವೈಮನಸ್ಯವೂ ಆ ಸೀಮೆಯಲ್ಲಿ ಹಬ್ಬಿದ್ದ ಮಾಟದ ಭೀತಿಯೂ ಆರೋಪವನ್ನು ವಿವರಿಸಲು ಸಾಕು. ಈ ನಿಲುವೇ ಹೆಚ್ಚು ಯುಕ್ತವೆನಿಸುತ್ತದೆ. ಆದರೂ ಕೃತಿಯ ಅಧ್ಯಯನಕ್ಕೆ ಕೆಪ್ಲರನ ನಂಬಿಕೆಯೂ ಒಂದು ವಾಸ್ತವವೇ, ಏಕೆಂದರೆ ಕೃತಿಯ ಅಂತಿಮ ರೂಪ ಆ ನಂಬಿಕೆಯಿಂದ ಆಯಿತು.

ಅವನು ಲಿಂಟ್ಸ್ ಬಿಟ್ಟು ಬಂದು, ತಾಯಿಯ ಪರವಾಗಿ ನಿಂತನು. ಸಾಕ್ಷಿಗಳ ಹೇಳಿಕೆಗಳಲ್ಲಿದ್ದ ಪರಸ್ಪರ ವಿರೋಧಗಳನ್ನು ಎತ್ತಿ ತೋರಿಸುವುದು, ಕಾಯಿಲೆಗಳಿಗೆ ಸಹಜ ಕಾರಣಗಳನ್ನು ಕೊಡುವುದು ಅವನ ಪ್ರತಿವಾದದ ಕ್ರಮ. ಲೆವೇನಿಯಾವನ್ನು ಕಟ್ಟಿದ ಬುದ್ಧಿಯೇ ಇಲ್ಲಿ ವಿರುದ್ಧ ದಿಕ್ಕಿನಿಂದ ಕೆಲಸ ಮಾಡುತ್ತಿತ್ತು: ಊರವರು ಕಟ್ಟಿದ ಕಥೆಯ ಅಸಂಗತಿಗಳನ್ನು ಬಿಡಿಸುವುದು. ೧೬೨೧ರ ಸೆಪ್ಟೆಂಬರ್ ಕೊನೆಯಲ್ಲಿ ಚಿತ್ರಹಿಂಸೆಯ ಸಲಕರಣೆಗಳನ್ನು ಮುಂದಿಟ್ಟು ಹೆದರಿಸಿದಾಗಲೂ ಕ್ಯಾಥರೀನಾ ತಪ್ಪೊಪ್ಪಿಗೆ ಕೊಡಲಿಲ್ಲ. ಹದಿನಾಲ್ಕು ತಿಂಗಳ ಸೆರೆವಾಸದ ಬಳಿಕ ಬಿಡುಗಡೆಯಾದ ಅವಳು ೧೬೨೨ರ ಏಪ್ರಿಲ್‌ನಲ್ಲಿ ತೀರಿಕೊಂಡಳು.

ಆಮೇಲೆ ಕೆಪ್ಲರ್ ಕಥೆಗೆ ಟಿಪ್ಪಣಿಗಳನ್ನು ಬರೆಯತೊಡಗಿದನು. ೧೬೩೦ರವರೆಗೆ ಬೆಳೆದ ಅವುಗಳ ಸಂಖ್ಯೆ ೨೨೩. ಗಾತ್ರದಲ್ಲಿ ಅವು ಕಥೆಯನ್ನು ಬಹಳವಾಗಿ ಮೀರಿಸುತ್ತವೆ. ಸಾಹಿತ್ಯದೃಷ್ಟಿಯಿಂದ ಈ ಟಿಪ್ಪಣಿಗಳನ್ನು ಹೊರೆಯೆಂದು ಬದಿಗಿಡುವ ಓದುಗರಿದ್ದಾರೆ. ಹಾಗೆ ಮಾಡಿದರೆ ಕೃತಿಯ ಅರ್ಧ ಕೈತಪ್ಪುತ್ತದೆ. ಯಾವುದು ಕಂಡದ್ದು, ಯಾವುದು ಲೆಕ್ಕ ಹಾಕಿದ್ದು, ಯಾವುದು ಬರಿಯ ಊಹೆ, ಯಾವುದು ತಮಾಷೆ ಎಂಬುದನ್ನು ಅವನು ವಾಕ್ಯ ವಾಕ್ಯಕ್ಕೂ ನಮೂದಿಸುತ್ತಾನೆ. ಭೂತವನ್ನು ಕರೆಯುವ ಇಪ್ಪತ್ತೊಂದು ಅಕ್ಷರಗಳು ಲ್ಯಾಟಿನ್ನಿನಲ್ಲಿ ಕೊಪರ್ನಿಕಸನ ಖಗೋಳವಿಜ್ಞಾನದ ಹೆಸರಿನಲ್ಲಿರುವ ಅಕ್ಷರಗಳೆಂದು ಅಲ್ಲಿ ಬಯಲಾಗುತ್ತದೆ. ತಾಯಿ ಆವಾಹಿಸಿದ್ದು ಶಾಸ್ತ್ರವನ್ನೇ ಎಂದು ತೀರಿಹೋದ ತಾಯಿಯ ಪರವಾಗಿ ಮಗನು ಕೊಟ್ಟ ವಿವರಣೆಯಿದು.

ಈ ಎಚ್ಚರವೂ ಒಮ್ಮೆ ಸಡಿಲಿತು. ೧೬೨೦ರ ದಶಕದಲ್ಲಿ ಸೇರಿಸಿದ ಭೌಗೋಳಿಕ ಅನುಬಂಧದಲ್ಲಿ, ದೂರದರ್ಶಕದಲ್ಲಿ ಕಂಡ ಚಂದ್ರನ ದುಂಡನೆಯ ಕುಳಿಗಳು ಅಲ್ಲಿನ ನಿವಾಸಿಗಳು ಬಿಸಿಲಿನ ಮರೆಗಾಗಿ ಅಳೆದು ಕಟ್ಟಿಕೊಂಡ ಊರುಗಳೆಂದು ಅವನು ವಾದಿಸುತ್ತಾನೆ. ಆಕಾರದ ಕ್ರಮಬದ್ಧತೆಯ ಹಿಂದೆ ಬುದ್ಧಿಯಿರಲೇಬೇಕೆಂಬ ಊಹೆ ಅದಕ್ಕೆ ಆಧಾರ. ಕಥೆಯಲ್ಲಿ ಒಪ್ಪುತ್ತಿದ್ದ ಕಲ್ಪನೆ ಇಲ್ಲಿ ಶಾಸ್ತ್ರದ ವೇಷದಲ್ಲಿ ಬಂದಿದೆ. ಇಡೀ ಗ್ರಂಥದಲ್ಲಿ ದುರ್ಬಲವಾದ ಭಾಗ ಇದೇ.

ಉಳಿದ ವರ್ಷಗಳು ಅಲೆದಾಟದವು. ‘ರುಡಾಲ್ಫೀನ್ ಕೋಷ್ಟಕಗಳು’ ೧೬೨೭ರಲ್ಲಿ ಉಲ್ಮ್ ನಗರದಲ್ಲಿ ಅಚ್ಚಾದವು. ೧೬೨೮ರಲ್ಲಿ ಸೇನಾಪತಿ ವಾಲೆನ್‌ಸ್ಟೈನನ ಆಶ್ರಯ ಪಡೆದು ಸಾಗಾನ್‌ಗೆ ಹೋದ ಕೆಪ್ಲರ್ ಅಲ್ಲಿ ಸ್ವಂತ ಮುದ್ರಣಾಲಯವನ್ನು ಹೂಡಿದನು. ೧೬೩೦ರಲ್ಲಿ ‘ಸೋಮ್ನಿಯಮ್’ನ ಮುದ್ರಣ ಆರಂಭವಾಯಿತು, ಕೆಲವೇ ಪುಟಗಳು ಮುಗಿದಿದ್ದವು. ಬಾಕಿ ನಿಂತಿದ್ದ ವೇತನವನ್ನು ಕೇಳಲು ಕುದುರೆಯೇರಿ ರೇಗನ್ಸ್‌ಬರ್ಗ್‌ಗೆ ಹೋದವನು ಜ್ವರದಿಂದ ನವೆಂಬರ್ ೧೫ರಂದು ಅಲ್ಲಿಯೇ ತೀರಿಕೊಂಡನು. ಅವನನ್ನು ಹೂಳಿದ ಸ್ಥಳ ಯುದ್ಧದಲ್ಲಿ ಹಾಳಾಗಿ ಗುರುತಿಲ್ಲದಾಯಿತು.

ಮುದ್ರಣವನ್ನು ಅಳಿಯನಾದ ಯಾಕೋಬ್ ಬಾರ್ಟ್ಷ್ ಕೈಗೆತ್ತಿಕೊಂಡನು. ೧೬೩೩ರಲ್ಲಿ ಅವನೂ ಪ್ಲೇಗಿಗೆ ತುತ್ತಾದನು. ಕೈಹಾಕಿದ ಇಬ್ಬರೂ ಸತ್ತ ಈ ಪುಸ್ತಕವನ್ನು ಮುಟ್ಟಲು ಮಗ ಲುಡ್ವಿಗ್ ಅಂಜಿದ್ದನು. ತನ್ನ ಅರ್ಪಣಾಪತ್ರದಲ್ಲಿ ಅವನು ಇದನ್ನು ಮುಚ್ಚಿಡಲಿಲ್ಲ. ಆದರೆ ವಿಧವೆಯಾದ ಮಲತಾಯಿ ಮಕ್ಕಳೊಡನೆ ಬಡತನದಲ್ಲಿದ್ದಳು, ಅಚ್ಚಾಗದ ಹಾಳೆಗಳು ಅವಳ ಕೈಯಲ್ಲಿದ್ದವು. ಲುಡ್ವಿಗ್ ಕೆಲಸವನ್ನು ಪೂರೈಸಿದನು. ಪ್ಲೂಟಾರ್ಕನು ಚಂದ್ರಮಂಡಲದ ಮುಖವನ್ನು ಕುರಿತು ಬರೆದ ಗ್ರಂಥಕ್ಕೆ ತಂದೆ ಮಾಡಿದ್ದ ಲ್ಯಾಟಿನ್ ಅನುವಾದವನ್ನೂ ಸೇರಿಸಿ, ೧೬೩೪ರಲ್ಲಿ ಫ್ರಾಂಕ್‌ಫರ್ಟ್‌ನಿಂದ ಪುಸ್ತಕ ಹೊರಬಂದಿತು.